ಮೂರಾಳು ನೀರಿಗೆ ತಂದ ಮೋಟರು

ನಿವೃತ್ತನಾದ ಮೂರನೆಯ ವರ್ಷ ನನ್ನ ಎಡಭುಜ ಕೈಕೊಟ್ಟಿತು. ಒಂದು ಬೆಳಿಗ್ಗೆ ಅಂಗಿ ಹಾಕಿಕೊಳ್ಳಲು ಹೋದರೆ ತೋಳು ಎದೆಯ ಮಟ್ಟಕ್ಕೆ ಬಂದು, ಹಟ ಹಿಡಿದ ಎತ್ತಿನ ಹಾಗೆ ಅಲ್ಲೇ ನಿಂತುಬಿಟ್ಟಿತು. ಬೇಲೂರಿನ ಡಾಕ್ಟರು ಅದನ್ನು ಹಿಂದಕ್ಕೂ ಮುಂದಕ್ಕೂ ತಿರುವಿ, ನಾನು ಅಯ್ಯೋ ಅನ್ನುವವರೆಗೆ ಎತ್ತಿ, ಆಮೇಲೆ ಕೇಳಿದರು.

“ಏನು ಕೆಲಸ ಮಾಡ್ತಿದ್ರಿ?”

“ಸರ್ವೇಯರ್ ಆಗಿದ್ದೆ ಸಾರ್. ಈಗ ರಿಟೈರ್ಡು.”

“ಮತ್ತೆ ಭುಜಕ್ಕೆ ಇಷ್ಟು ಕೆಲಸ ಯಾರು ಕೊಟ್ರು?”

“ಒಂದು ದೋಣಿ ಇದೆ. ಹುಟ್ಟು ಹಾಕ್ತೀನಿ. ಮೀನು ಹಿಡಿಯೋ ಹುಚ್ಚು.”

ಅವರು ಪೆನ್ನು ಕೆಳಗಿಟ್ಟು, “ಇನ್ಮೇಲೆ ಹಾಕ್ಬೇಡಿ” ಅಂದರು. ಮಾತ್ರೆ ಬರೆದುಕೊಟ್ಟರು, ಬಿಸಿನೀರಿನ ಶಾಖ ಕೊಡಲು ಹೇಳಿದರು, ಮುಂದಿನವರನ್ನು ಕರೆದರು. ಮೂವತ್ತೈದು ವರ್ಷ ಊರೂರಿನ ಜಮೀನಿನ ಮೇಲೆ ಸರಪಳಿ ಎಳೆದ ತೋಳಿಗೆ ಒಂದೇ ಮಾತಿನಲ್ಲಿ ತೀರ್ಪಾಯಿತು. ನನಗೆ ಸಿಟ್ಟು ಬಂದದ್ದು ಡಾಕ್ಟರ ಮೇಲಲ್ಲ, ತೋಳಿನ ಮೇಲೆ. ಸರ್ಕಾರದ ಕೆಲಸಕ್ಕೆಲ್ಲ ನೆಟ್ಟಗಿದ್ದು, ನನ್ನ ಸ್ವಂತ ಕೆಲಸಕ್ಕೆ ಬಂದಾಗ ರಜೆ ಹಾಕಿತ್ತು.

ದೋಣಿ ಎಂದರೆ ಅಂಥ ದೋಣಿಯೇನಲ್ಲ. ಯಾವುದೋ ಪಾರ್ಕಿನ ಕೊಳದಲ್ಲಿ ಜನರನ್ನು ಸುತ್ತಿಸಿ ಸುತ್ತಿಸಿ ಬಣ್ಣಗೆಟ್ಟ ಫೈಬರ್ ದೋಣಿ, ಹರಾಜಿನಲ್ಲಿ ಸಿಕ್ಕಿತ್ತು. ಮೂತಿಯ ಮೇಲೆ ಕೆಂಪು ಬಣ್ಣದ ಏಳನೇ ನಂಬರು ಹಾಗೆಯೇ ಇತ್ತು. ಅದನ್ನು ಟ್ರಾಕ್ಟರಿನಲ್ಲಿ ತರಿಸಿ ನಮ್ಮೂರ ಕೆರೆಗೆ ಇಳಿಸಿದ್ದೆ. ನಮ್ಮೂರು ಮಾದಿಹಳ್ಳಿಯಿಂದ ಇನ್ನೂ ಒಳಗಿರುವ ಸಣ್ಣ ಊರು. ನಾವು ಅಷ್ಟರಲ್ಲಿ ಹಳೇಬೀಡಿನಲ್ಲಿ ಮನೆ ಕಟ್ಟಿಕೊಂಡಿದ್ದೆವು. ವಾರಕ್ಕೆ ಎರಡು ಮೂರು ದಿನ ನಾನು ಮೊಪೆಡ್ ಹತ್ತಿ ಕೆರೆಗೆ ಹೋಗುತ್ತಿದ್ದೆ. ಹುಣ್ಣಿಮೆಯ ದಿನ ಮಾತ್ರ ಗಾಳ ಮುಟ್ಟುವಂತಿರಲಿಲ್ಲ. ಮನೆಯ ಗೋಡೆಯ ಮೇಲೆ ಬುದ್ಧನ ಪಟವೂ ಒಲೆಯ ಮೇಲೆ ಮೀನಿನ ಸಾರೂ ಒಟ್ಟಿಗೆ ಇರಬೇಕಾದರೆ ಅಷ್ಟಾದರೂ ಮರ್ಯಾದೆ ಬೇಕು ಎಂದು ನನ್ನ ಹೆಂಡತಿ ಮಾಡಿದ್ದ ಕಾನೂನು ಅದು.

ಆ ಕೆರೆಗೆ ನನ್ನ ಅಪ್ಪ ನೀರುಗಂಟಿ. ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ಅವನ ಅಪ್ಪನದೂ ಅದೇ. ಅಷ್ಟು ಗದ್ದೆಗಳಲ್ಲಿ ಒಂದೂ ನಮ್ಮದಲ್ಲ. ಏರಿಯಿಂದ ಸ್ವಲ್ಪ ದೂರದಲ್ಲಿ, ನೀರಿನೊಳಗೆ, ಎರಡು ಕಲ್ಲುಕಂಬಗಳು ನಿಂತಿವೆ. ನಡುವೆ ಒಂದು ಅಡ್ಡಗಲ್ಲು. ಅದೇ ತೂಬು. ಅದರ ತಳದ ಕಂಡಿಗೆ ಮರದ ಗೂಟ ಬಡಿದು ನೀರು ನಿಲ್ಲಿಸಿರುತ್ತಿದ್ದರು. ಗದ್ದೆಯ ಕೆಲಸ ಶುರುವಾದಾಗ ಏರಿಯ ಮೇಲಿಂದ ಯಾರಾದರೂ ಕೂಗುತ್ತಿದ್ದರು, ಅಪ್ಪ ಈಜಿ ಹೋಗಿ ಅಡ್ಡಗಲ್ಲು ಹಿಡಿದು ಒಂದು ಸಲ ಮೇಲೆ ನೋಡಿ ಮುಳುಗುತ್ತಿದ್ದ. ತಳ ಮುಟ್ಟಿ, ಗೂಟ ಅಲ್ಲಾಡಿಸಿ, ಅವನು ಮೇಲೆ ಬರುವವರೆಗೆ ನಾನು ಏರಿಯ ಮೇಲೆ ಉಸಿರು ಬಿಗಿಹಿಡಿದು ಎಣಿಸುತ್ತಿದ್ದೆ.

“ಅಲ್ಲಿ ಮೂರಾಳು ನೀರೈತೆ ಕಣೋ,” ಎಂದು ಅಪ್ಪ ಹೇಳುತ್ತಿದ್ದ. “ಒಬ್ಬನ ಹೆಗಲ ಮ್ಯಾಲೆ ಒಬ್ಬ, ಮೂರು ಜನ ನಿಂತ್ರೂ ಮೇಲಿನೋನ ಕೂದ್ಲು ಕಾಣಾಕಿಲ್ಲ. ಅಲ್ಲಿ ಮೀನಿಗೆ ವಯಸ್ಸಾಯ್ತದೆ, ಯಾರ ಕೈಗೂ ಸಿಕ್ಕಾಕಿಲ್ಲ. ನೀನು ಯಾವತ್ತೂ ಆ ಕಡೀಕೆ ಹೋಗಬ್ಯಾಡ.”

ಅಪ್ಪ ಜೀವಮಾನವೆಲ್ಲ ಆ ನೀರಿನ ಒಳಗೆ ಇದ್ದ. ಒಂದು ದಿನವೂ ಅದರ ಮೇಲೆ ಸುಮ್ಮನೆ ಕೂತವನಲ್ಲ. ನನ್ನ ಆಸೆ ಇಷ್ಟೇ ಆಗಿತ್ತು: ಯಾರೂ ಕೂಗದೆ, ಯಾರ ಕೈಯನ್ನೂ ಕಾಯದೆ, ಆ ತೂಬಿನ ಪಕ್ಕದಲ್ಲಿ ದೋಣಿ ನಿಲ್ಲಿಸಿ ಗಾಳ ಬಿಟ್ಟು ಒಂದು ಬೆಳಿಗ್ಗೆ ಕೂರಬೇಕು. ದೋಣಿ ಬಂದ ಮೊದಲ ಎರಡು ವರ್ಷ ಧೈರ್ಯವಾಗಲಿಲ್ಲ. ಅಲ್ಲಿ ಸುಳಿ ಎಳೆಯುತ್ತದೆ ಎಂದು ಚಿಕ್ಕಂದಿನಲ್ಲಿ ಕಿವಿಗೆ ಬಿದ್ದದ್ದು ಅರವತ್ತಾದರೂ ಹೋಗಿರಲಿಲ್ಲ. ಕೋಡಿಯ ಕಡೆಯೇ ಗೆಂಡೆ, ಕಾಟ್ಲ ಹಿಡಿದುಕೊಂಡು, ತೂಬಿಗೆ ಬರುವ ವರ್ಷ ಹೋದರಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಭುಜ ಹೋಯಿತು.

ಹೆಂಡತಿಗೆ ಒಳಗೊಳಗೇ ಸಂತೋಷವಾಗಿರಬೇಕು. “ಸದ್ಯ, ದೋಣಿ ಮಾರಿಬಿಡಿ” ಅಂದಳು. “ನೀವು ಆ ಕೆರೆಗೆ ಹೋದಾಗೆಲ್ಲ ನನ್ನ ಜೀವ ಕೈಯಲ್ಲಿರುತ್ತೆ.”

“ಯಾರನ್ನಾದ್ರೂ ಹುಟ್ಟು ಹಾಕೋಕೆ ಕರ್ಕೊಂಡು ಹೋದ್ರೆ?” ಎಂದು ನಾನೇ ಕೇಳಿದೆ. ಕೇಳಿದ ತಕ್ಷಣ ನನಗೇ ಬೇಡವಾಯಿತು. ಇನ್ನೊಬ್ಬನ ತೋಳನ್ನು ಬೇಡಿ ಆ ನೀರಿನ ಮೇಲೆ ಕೂರುವುದಾದರೆ ಅಪ್ಪನಿಗೂ ನನಗೂ ಏನು ವ್ಯತ್ಯಾಸ? ಅವನು ಬೇರೆಯವರ ಮಾತಿಗೆ ಹೋಗುತ್ತಿದ್ದ, ನಾನು ಬೇರೆಯವರ ಪುರುಸೊತ್ತಿಗೆ ಹೋಗಬೇಕು.

ಮೋಟರಿನ ಸುದ್ದಿ ತಂದವನು ಬೆಂಗಳೂರಿನಲ್ಲಿದ್ದ ನನ್ನ ಭಾವಮೈದ, ಹೆಂಡತಿಯ ತಮ್ಮ. ಅಲ್ಲಿ ಗಾಳದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಅವನು ದೋಣಿಯ ಹಿಂದಕ್ಕೆ ಕಚ್ಚಿಸುವ ಕರೆಂಟಿನ ಮೋಟರು ನೋಡಿದ್ದನಂತೆ. ಮೇಲೆ ಹಿಡಿಕೆ ಇರುವ ತಲೆ, ಕೆಳಗೆ ಉದ್ದನೆಯ ಕೊಳವೆ, ತುದಿಯಲ್ಲಿ ಸಣ್ಣ ರೆಕ್ಕೆ. ಬ್ಯಾಟರಿಗೆ ತಂತಿ ಕೊಟ್ಟರೆ ಸದ್ದಿಲ್ಲದೆ ದೋಣಿ ತಳ್ಳುತ್ತದೆ. ಮೀನು ಬೆದರುವುದಿಲ್ಲ, ತೋಳಿಗೆ ಕೆಲಸವಿಲ್ಲ. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಗಾಳ. ನನಗೆ ಇದು ನನಗೋಸ್ಕರವೇ ಮಾಡಿಸಿದ ಹಾಗೆ ಕೇಳಿಸಿತು.

ಹೆಂಡತಿ ಒಪ್ಪಲು ಎರಡು ವಾರ ಬೇಕಾಯಿತು. ಕೊನೆಗೆ ಷರತ್ತು ಹಾಕಿದಳು. “ಈ ಸಲ ಕೆರೆ ನೀರು ಇಳಿದು ತೂಬಿನ ಅಡ್ಡಗಲ್ಲಿನ ಕೆಳಗೆ ಹೋಗೋದರೊಳಗೆ ನೀವು ಒಬ್ಬರೇ ಆ ತೂಬಿಗೆ ಹೋಗಿ ಒಬ್ಬರೇ ವಾಪಸ್ ಬರಬೇಕು. ನಾನು ಏರಿ ಮೇಲೆ ನಿಂತು ನೋಡ್ತೀನಿ. ಆಗಲಿಲ್ಲ ಅಂದ್ರೆ ದೋಣಿನೂ ಬೇಡ, ಮೋಟರೂ ಬೇಡ, ಮಾರಿಬಿಡಬೇಕು.”

“ಆಗ್ಲಿ” ಅಂದೆ. ಸರ್ವೇಯರನಿಗೆ ಗುರುತಿನ ಕಲ್ಲಿಗಿಂತ ನ್ಯಾಯವಾದ ಷರತ್ತು ಇನ್ನೇನಿದೆ.

ಮುಂದಿನ ಭಾನುವಾರ ಭಾವಮೈದ ಅಂಗಡಿಯಿಂದಲೇ ಫೋನು ಮಾಡಿದ. “ಭಾವ, ಮೂರು ಅಳತೆ ಇದೆ. ಕೊಳವೆ ಮೂವತ್ತು ಇಂಚಿಂದು, ಮೂವತ್ತಾರು, ನಲವತ್ತೆರಡು. ನಿಮ್ಮ ದೋಣಿ ಹಿಂಭಾಗ ನೀರಿಂದ ಎಷ್ಟು ಎತ್ತರ ಇದೆ ಅಂತ ಅಂಗಡಿಯವರು ಕೇಳ್ತಿದ್ದಾರೆ.”

“ದೋಣಿ ಎತ್ತರ ಕಟ್ಕೊಂಡು ಏನಯ್ಯ ಮಾಡ್ತೀಯ? ಅಲ್ಲಿ ಮೂರಾಳು ನೀರಿದೆ. ಎಲ್ಲಕ್ಕಿಂತ ಉದ್ದದ್ದು ಕಳ್ಸು.”

“ಅವರು ಏನೋ ಬೇರೆ ಥರ ಹೇಳ್ತಿದ್ದಾರೆ ಭಾವ…”

“ಕೆರೆ ನೋಡಿರೋನು ನಾನೋ ಅವರೋ?”

“ಆಯ್ತು ಭಾವ” ಅಂದ. ಅಕ್ಕನ ಗಂಡನ ಜೊತೆ ವಾದ ಮಾಡುವ ಹುಡುಗನಲ್ಲ ಅವನು. ಮಾಡಿದ್ದರೆ ಚೆನ್ನಾಗಿತ್ತು.

ಅವನು ಮೋಟರನ್ನು ರೈಲಿನಲ್ಲಿ ಅರಸೀಕೆರೆಗೆ ತಂದು ನನಗೆ ಒಪ್ಪಿಸಿ ಮುಂದಿನ ಗಾಡಿಗೆ ವಾಪಸು ಹೋದ. ಆ ಉದ್ದನೆಯ ಪೆಟ್ಟಿಗೆ ಹಿಡಿದುಕೊಂಡು ನಾನು ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ. ಸೋಮವಾರವೋ ಸಂತೆಯೋ ಏನೋ, ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಪೆಟ್ಟಿಗೆ ತಟ್ಟಿ ನೋಡಿ, “ಏನ್ ಸಾರ್ ಇದು, ಸೀಲಿಂಗ್ ಫ್ಯಾನಾ?” ಅಂದ. “ದೋಣಿ ಮೋಟರು” ಅಂದೆ. ಅವನು ಒಂದು ಕ್ಷಣ ನನ್ನ ಮುಖವನ್ನೂ ಕಿಟಕಿಯಾಚೆಯ ಒಣ ಹೊಲವನ್ನೂ ನೋಡಿ ಮುಂದಕ್ಕೆ ಹೋದ. ಜಾವಗಲ್ಲಿನವರೆಗೆ ಒಬ್ಬ ಹೆಂಗಸು ಅದರ ಮೇಲೆ ತನ್ನ ತೆಂಗಿನಕಾಯಿ ಚೀಲ ಒರಗಿಸಿಕೊಂಡೇ ಬಂದಳು.

ಮನೆಗೆ ಬಂದ ದಿನವೇ ನಾನು ಮಾಡಿದ ಮೊದಲ ಕೆಲಸ ಮೋಟರಿಗೆ ಗುರುತು ಬರೆದದ್ದು. ಇಲಾಖೆಯ ಅಭ್ಯಾಸ. ಸರಪಳಿಯಾಗಲಿ ಕಡ್ಡಿಯಾಗಲಿ, ಕೈಗೆ ಬಂದ ಕೂಡಲೇ ಬಿಳಿ ಬಣ್ಣದಲ್ಲಿ ಮೊದಲಕ್ಷರ, ಇಸವಿ ಬರೆಯದಿದ್ದರೆ ನಮಗೆ ನಿದ್ದೆ ಬರುವುದಿಲ್ಲ. ತಲೆಯ ಮೇಲೆ ಎದ್ದು ಕಾಣುವ ಹಾಗೆ ಬರೆದು, ಬಿಸಿಲಿಗೆ ಒಣಗಿಸಿದೆ.

ಮೊದಲ ದಿನವೇ ತಿಳಿದುಹೋಯಿತು. ದೋಣಿಯ ಹಿಂದಿನ ಹಲಗೆಗೆ ಮೋಟರು ಕಚ್ಚಿಸಿ, ರೆಕ್ಕೆ ನೀರಿನಲ್ಲಿ ಒಂದಡಿ ಮುಳುಗುವ ಹಾಗೆ ತಿರುಪು ಬಿಗಿದು ಕೂತರೆ ಹಿಡಿಕೆ ನನ್ನ ಗದ್ದದ ಮಟ್ಟಕ್ಕೆ ಬಂದು ನಿಂತಿತು. ಎಡಗೈಯಲ್ಲಿ ಅದನ್ನು ಹಿಡಿಯಬೇಕಾದರೆ ತೋಳನ್ನು ಭುಜಕ್ಕಿಂತ ಮೇಲೆ ಎತ್ತಿಕೊಂಡೇ ಇರಬೇಕು. ಜಗತ್ತಿನಲ್ಲಿ ನನ್ನ ಎಡತೋಳು ಮಾಡಲಾಗದ ಕೆಲಸ ಒಂದೇ ಒಂದಿತ್ತು, ಈ ಮೋಟರು ಅದನ್ನೇ ಕೇಳುತ್ತಿತ್ತು. ಬಲಗೈಯಲ್ಲಿ ಹಿಡಿಯೋಣವೆಂದರೆ ಗಾಳ ಹಿಡಿಯುವವರು ಯಾರು? ಎಡಗೈಯಲ್ಲಿ ಗಾಳ ಬೀಸಿದೆ. ಕೊಕ್ಕೆ ನನ್ನ ಟೋಪಿಗೇ ಸಿಕ್ಕಿತು.

ಹಾಗಾದರೆ ಕೊಳವೆಯನ್ನೇ ಕೆಳಗಿಳಿಸೋಣ, ಹಿಡಿಕೆಯೂ ಇಳಿಯುತ್ತದೆ ಎಂದು ತಿರುಪು ಸಡಿಲಿಸಿ ಇಳಿಸಿದೆ. ಹಿಡಿಕೆ ಹೊಟ್ಟೆಯ ಮಟ್ಟಕ್ಕೆ ಬಂತು, ರೆಕ್ಕೆ ಮೂರಡಿ ಕೆಳಗೆ ಹೋಯಿತು. ಅಲ್ಲಿ ನೀರಿನೊಳಗಿನ ಕಳೆಯೆಲ್ಲ ನನಗಾಗಿಯೇ ಕಾದಿತ್ತು. ಹತ್ತು ಮಾರು ಹೋಗುವಷ್ಟರಲ್ಲಿ ರೆಕ್ಕೆಗೆ ಕಳೆ ಸುತ್ತಿ ಮೋಟರು ಗುಂಯ್ ಎಂದು ನಿಂತಿತು. ಎತ್ತಿ, ಬಿಡಿಸಿ, ಇಳಿಸಿ, ಮತ್ತೆ ಹತ್ತು ಮಾರು. ಅಷ್ಟುದ್ದದ್ದನ್ನು ಒಂದೇ ಕೈಯಲ್ಲಿ ಎತ್ತಿ ಮಲಗಿಸುವುದೆಂದರೆ ಸಾಮಾನ್ಯವೇ? ಇದರ ಮೇಲೆ ನಾನು, ಮೋಟರು, ಬ್ಯಾಟರಿ ಮೂವರೂ ಹಿಂದೆಯೇ ಕೂತಿದ್ದರಿಂದ ದೋಣಿಯ ಮೂತಿ ನೀರು ಬಿಟ್ಟು ಮೇಲೆದ್ದಿತ್ತು. ಏಳನೇ ನಂಬರು ಆಕಾಶ ನೋಡುತ್ತಿತ್ತು.

ಏರಿಯ ಮೇಲೆ ಬಲೆ ಒಣಗಿಸುತ್ತಾ ಇದೆಲ್ಲವನ್ನೂ ನೋಡುತ್ತಿದ್ದವನು ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದವನು. ನನ್ನ ವಯಸ್ಸಿನವನೇ, ಊರ ಶಾಲೆಯಲ್ಲಿ ಇಬ್ಬರೂ ಒಂದೇ ತರಗತಿ, ಆದರೆ ಅವನು ನಾಲ್ಕಕ್ಕೇ ಬಿಟ್ಟು ಬಲೆ ಹಿಡಿದಿದ್ದ. ಅವನ ಪಹಣಿ, ಕಾಗದಪತ್ರ ಓದಿ ಹೇಳುತ್ತೇನೆಂದು ನನಗೆ ಗಾಳ ಹಾಕಲು ಬಿಟ್ಟಿದ್ದ. ನಾಲ್ಕು ಜನರ ಎದುರಿಗೆ ಸರ್ವೇಯರ್ ಸಾರ್, ನಾವಿಬ್ಬರೇ ಇದ್ದರೆ ಏನ್ಲಾ.

“ಏನ್ಲಾ, ಕೆರೆ ಉಳ್ತಾ ಇದೀಯೇನ್ಲಾ?” ಎಂದು ಕೂಗಿದ.

“ಹೊಸದು. ಕೈಗೆ ಕೂತ್ಕೋಬೇಕು” ಎಂದೆ, ಕಳೆ ಬಿಡಿಸುತ್ತಾ.

“ಅಷ್ಟುದ್ದದ್ದು ಯಾಕ್ಲಾ ತಂದೆ? ಎಲ್ಲೈತೆ ಅಷ್ಟು ನೀರು ಇದ್ರಲ್ಲಿ?”

“ನಮ್ಮಪ್ಪ ಮುಳುಗಿದ ಕೆರೆ ಕಣೋ ಇದು. ನಂಗೆ ಹೇಳಿಕೊಡ್ತೀಯ?”

ಅವನು ತಲೆ ಕೊಡವಿ ಬೀಡಿ ಹಚ್ಚಿಕೊಂಡ. ನಾನು ಕೋಡಿಯ ಕಡೆಯ ಲೆಕ್ಕ ಇಟ್ಟುಕೊಂಡಿದ್ದೆ. ಅಲ್ಲಿ ಹುಟ್ಟು ಪೂರ್ತಿ ಮುಳುಗಿಸಿದರೂ ತಳ ಸಿಗುತ್ತಿರಲಿಲ್ಲ. ಅಂಚಿನಲ್ಲೇ ಇಷ್ಟಿದ್ದರೆ ತೂಬಿನ ಹತ್ತಿರ ಎಷ್ಟಿರಬೇಡ. ಇಟ್ಟಿಗೆಯವರು ಬೇಸಿಗೆಯಲ್ಲಿ ಲಾರಿಗಟ್ಟಲೆ ಮಣ್ಣು ತೆಗೆದ ಗುಂಡಿಗಳು ಅವು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ತಂದುಕೊಳ್ಳಲಿಲ್ಲ.

ಆ ರಾತ್ರಿ ಊಟಕ್ಕೆ ಮುಂಚೆ ಭಾವಮೈದನಿಗೆ ಫೋನು ಮಾಡಿದೆ. ಅವನು ತುಂಬಾ ಮರ್ಯಾದೆಯಿಂದ, ಅಂಗಡಿಯವರು ಅವತ್ತು ಹೇಳಿದ್ದನ್ನು ಹೇಳಿದ. ಕೊಳವೆಯ ಉದ್ದಕ್ಕೂ ಕೆರೆಯ ಆಳಕ್ಕೂ ಸಂಬಂಧವೇ ಇಲ್ಲವಂತೆ. ರೆಕ್ಕೆ ನೀರಿನಲ್ಲಿ ಒಂದಡಿ ಮುಳುಗಿದರೆ ಸಾಕು, ಕೆಳಗೆ ಮೂರಾಳಿರಲಿ ಮುನ್ನೂರಾಳಿರಲಿ. ಅಳೆಯಬೇಕಾದದ್ದು ದೋಣಿಯ ಹಿಂದಿನ ಹಲಗೆ. ನನ್ನ ದೋಣಿಗೆ ಮೂವತ್ತು ಇಂಚಿನದು ಸರಿಹೋಗುತ್ತಿತ್ತು.

“ಅವತ್ತೇ ಯಾಕಯ್ಯ ಹೇಳಲಿಲ್ಲ?”

“ಹೇಳೋಕೆ ಬಂದೆ ಭಾವ. ಕೆರೆ ನೋಡಿರೋರು ನೀವಾ ಅವರಾ ಅಂದ್ರಿ.”

“ಸರಿ, ಬದಲಾಯಿಸಿಕೊಡ್ತಾರಾ ಕೇಳು.”

“ಅವತ್ತೇ ಕೇಳಿದೀನಿ. ಹೊಸದಾಗೇ ಇದ್ರೆ ಕೊಡ್ತಾರಂತೆ. ನೀವು ಏನೂ ಗೀಚಿಲ್ಲ ತಾನೆ?”

ನಾನು ಫೋನು ಇಟ್ಟೆ. ಒಳಗೆ ಹೋಗಿ ಸೀಮೆಎಣ್ಣೆ ಬಟ್ಟೆಯಿಂದ ಆ ಬಿಳಿ ಅಕ್ಷರಗಳನ್ನು ಉಜ್ಜಿದೆ. ಅಕ್ಷರ ಹೋಗಲಿಲ್ಲ, ಕೆಳಗಿನ ಕಪ್ಪು ಬಣ್ಣ ಹೋಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನಾದರೂ ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಇಡೀ ಜಿಲ್ಲೆಯ ರೈತರು ನನ್ನ ಅಳತೆಗೆ ತಲೆಬಾಗಿದ್ದರು. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತ ಬದುವಿನ ಮೇಲೆ ನಾನು ಟೇಪು ಎಳೆದು ಇದಿಷ್ಟು ನಿನ್ನದು, ಅದಿಷ್ಟು ಅವನದು ಅಂದರೆ ಮಾತು ಮುಗಿಯುತ್ತಿತ್ತು. ಗೆಂಡೆಹಳ್ಳಿಯ ಒಂದು ಮನೆತನದವರು ಮೂರು ತಲೆಮಾರಿನ ವ್ಯಾಜ್ಯವನ್ನು ನನ್ನ ನಕ್ಷೆ ನೋಡಿ ಬಿಟ್ಟಿದ್ದರು. ಅಂಥವನು ಒಂದು ಹಲಗೆಯ ಎತ್ತರ ಅಳೆಯದೆ ಅಪ್ಪನ ಬಾಯಿಮಾತಿನ ಮೇಲೆ ಸಾಮಾನು ತರಿಸಿದ್ದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವನ ಎದುರೇ ನಕ್ಕಿರುತ್ತಿದ್ದೆ.

ಇರುವುದರಲ್ಲೇ ಸರಿಮಾಡಿಕೊಳ್ಳಬೇಕಿತ್ತು. ಮುಂದಿನ ಎರಡು ತಿಂಗಳು ನನ್ನ ಬಾಯಿಂದ ಬಂದ ಮಾತುಗಳನ್ನು ಬರೆಯುವಂತಿಲ್ಲ. ಬ್ಯಾಟರಿಯನ್ನು ಮೂತಿಯ ಕಡೆ ಇಡೋಣವೆಂದು ಉದ್ದ ತಂತಿ ಹಾಕಿಸಿದೆ. ಮೂತಿ ಇಳಿಯಿತು, ತಂತಿ ಕಾಲಿಗೆ ಸಿಕ್ಕಿ ನಾನೇ ಒಂದು ಸಲ ಬಿದ್ದೆ. ಬ್ಯಾಟರಿ ಚಾರ್ಜಿಗೆ ಹಾಕಿದರೆ ಕರೆಂಟು ಹೋಗುತ್ತಿತ್ತು. ಹಳೇಬೀಡಿನಲ್ಲಿ ಇಲ್ಲವೆಂದು ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಬೇಲೂರಿಗೆ ಹೋದರೆ ಅಲ್ಲೂ ಹೋಗಿರುತ್ತಿತ್ತು. ಹಿಡಿಕೆಗೆ ಸಮನಾಗಲು ಎತ್ತರದ ಸ್ಟೂಲಿನ ಮೇಲೆ ಕೂತು ನೋಡಿದೆ. ದೋಣಿ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲಿತು, ಏರಿಯ ಮೇಲಿದ್ದ ಬಲೆಯವನು ಎದ್ದುನಿಂತು ಪಂಚೆ ಎತ್ತಿ ಕಟ್ಟಿಕೊಂಡ, ಎಳೆದು ತರಬೇಕಾಗುತ್ತದೆಂದು. ಆ ದಿನ ಸ್ಟೂಲನ್ನು ಕೆರೆಗೇ ಎಸೆದುಬಿಟ್ಟೆ. ಮನೆಯ ಸ್ಟೂಲು ಅದು. ಹೆಂಡತಿಗೆ ಇನ್ನೊಂದು ತಂದುಕೊಡಬೇಕಾಯಿತು.

ಇಷ್ಟರಲ್ಲಿ ನೀರು ಇಳಿಯುತ್ತಾ ಬಂತು. ಅಡ್ಡಗಲ್ಲಿನ ಮೇಲೆ ಒಂದು ಮೊಳ ಇದ್ದದ್ದು ಒಂದು ಗೇಣಾಯಿತು. ನಾನು ಪ್ರತಿ ಸಲ ಹೋದಾಗಲೂ ದೂರದಿಂದ ಅದನ್ನು ನೋಡುತ್ತಿದ್ದೆ, ಮನೆಗೆ ಬಂದರೆ ಹೆಂಡತಿ “ಎಷ್ಟಿದೆ?” ಅನ್ನುತ್ತಿದ್ದಳು. ಸುಳ್ಳು ಹೇಳಲು ಆಗುತ್ತಿರಲಿಲ್ಲ. ದೋಣಿ ಕೇಳಿಕೊಂಡು ಜಾವಗಲ್ಲಿನ ಕಡೆಯಿಂದ ಯಾರೋ ಬಂದುಹೋಗಿದ್ದರು.

ಉಪಾಯ ಹೊಳೆದದ್ದು ನನಗಲ್ಲ, ನನ್ನ ಕಾಲಿಗೆ. ಒಂದು ದಿನ ಭುಜದ ನೋವು ತಾಳದೆ ಹಿಡಿಕೆ ಬಿಟ್ಟು ಕೂತಿದ್ದೆ, ಹಗ್ಗದ ಒಂದು ತುದಿ ಹಿಡಿಕೆಗೆ ಸಿಕ್ಕಿಕೊಂಡಿತ್ತು, ಇನ್ನೊಂದು ತುದಿ ನನ್ನ ಪಾದಕ್ಕೆ. ಕಾಲು ಚಾಚಿದರೆ ದೋಣಿ ತಿರುಗಿತು. ಇನ್ನೊಂದು ಸಲ ಚಾಚಿದೆ. ತಿರುಗಿತು. ನಾನು ಅಲ್ಲೇ ಒಬ್ಬನೇ ಜೋರಾಗಿ ನಕ್ಕೆ. ಮಾರನೆಯ ದಿನ ಎತ್ತಿಗೆ ಕಟ್ಟುವ ಹಗ್ಗ ಎರಡು ಗೇಣು ಹೆಚ್ಚೇ ಕೊಂಡು, ಹಿಡಿಕೆಯ ಎರಡು ಕಡೆಯಿಂದಲೂ ದೋಣಿಯ ಅಂಚಿನ ಬಳೆಗಳ ಮೂಲಕ ತಂದು, ಕಾಲಡಿಯ ಒಂದು ಅಡ್ಡಕೋಲಿಗೆ ಬಿಗಿದೆ. ಬಲಗಾಲು ಒತ್ತಿದರೆ ಬಲಕ್ಕೆ, ಎಡಗಾಲು ಒತ್ತಿದರೆ ಎಡಕ್ಕೆ. ವೇಗವನ್ನು ಮೊದಲೇ ಒಂದಕ್ಕೆ ನಿಲ್ಲಿಸಿಟ್ಟರೆ ಆಯಿತು. ಹಿಡಿಕೆ ಎಷ್ಟೇ ಎತ್ತರದಲ್ಲಿರಲಿ, ನನಗೇನು? ಕೊಳವೆಯನ್ನು ಮೇಲಕ್ಕೆಳೆದು ಬಿಗಿದೆ, ರೆಕ್ಕೆ ಕಳೆಯ ಮೇಲೆಯೇ ತಿರುಗಿತು. ಎರಡು ಕೈಯೂ ಖಾಲಿ. ವಾರದೊಳಗೆ ಕೋಡಿಯಿಂದ ಇತ್ತಕಡೆಯ ಹುಣಸೆಮರದವರೆಗೆ ಹೋಗಿಬಂದೆ, ಹೋಗುತ್ತಾ ಒಂದು ಕಾಟ್ಲವನ್ನೂ ಹಿಡಿದೆ.

ಬಲೆಯವನು ಬಂದು ಹಗ್ಗ, ಕೋಲು ಎಲ್ಲ ಮುಟ್ಟಿ ನೋಡಿದ. “ನಿಮ್ಮಪ್ಪನೂ ಹಿಂಗೇ ಕಣ್ಲಾ. ಕೈಗಿಂತ ಕಾಲೇ ಚುರುಕು. ಗೂಟನ ಕಾಲಲ್ಲೇ ಒದ್ದು ಸಡಿಲ ಮಾಡ್ತಿದ್ದ” ಅಂದ. ನನಗೆ ಅದು ಗೊತ್ತಿರಲಿಲ್ಲ. ಏರಿಯ ಮೇಲಿಂದ ಅದೆಲ್ಲ ಕಾಣುತ್ತಿರಲಿಲ್ಲ.

ಅಡ್ಡಗಲ್ಲಿನ ಮೇಲೆ ನಾಲ್ಕು ಬೆರಳು ನೀರಿದ್ದಾಗ, ಒಂದು ಗುರುವಾರ ಬೆಳಿಗ್ಗೆ, ಹೆಂಡತಿಯನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋದೆ. ಅವಳು ಚಪಾತಿ ಡಬ್ಬಿ, ನೀರಿನ ಬಾಟಲಿ, ಒಂದು ಟವೆಲು ತಂದಿದ್ದಳು. ತೂಬಿನ ಎದುರಿಗೆ ಏರಿಯ ಮೇಲೆ ಹೊಂಗೆಮರದ ನೆರಳಲ್ಲಿ ಕೂತಳು. ಬಲೆಯವನು ಅವತ್ತು ಇರಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ. ಇದಕ್ಕೆ ಸಾಕ್ಷಿ ಒಬ್ಬಳೇ ಸಾಕು.

ಕೋಡಿಯಿಂದ ಹೊರಟೆ. ಗಾಳಿ ಇರಲಿಲ್ಲ. ಮೋಟರು ಸದ್ದಿಲ್ಲದೆ ತಳ್ಳುತ್ತಿತ್ತು, ಕಾಲು ಹೇಳಿದ ಕಡೆ ದೋಣಿ ಹೋಗುತ್ತಿತ್ತು. ಕೆರೆಯ ನಡುವೆ ಬಂದಾಗ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತೆ. ಅಪ್ಪ ನೋಡಬೇಕಿತ್ತು ಅನ್ನಿಸಿ ಕಣ್ಣು ಒದ್ದೆಯಾಯಿತು. ತೂಬಿನ ಕಂಬಗಳು ಹತ್ತಿರವಾಗುತ್ತಾ ಬಂದವು. ಅಷ್ಟು ಹತ್ತಿರದಿಂದ ಅವನ್ನು ನಾನು ಯಾವತ್ತೂ ನೋಡಿರಲಿಲ್ಲ. ಕಂಬದ ಮೇಲೆ ಒಂದು ಸಣ್ಣ ಮೀನಿನ ಕೆತ್ತನೆ ಇತ್ತು, ಅರ್ಧ ಸವೆದದ್ದು.

ಆಗ ಹಳೆಯ ಭಯ ಬಂತು. ಇಲ್ಲಿ ಸುಳಿ ಇದೆ, ಇಲ್ಲಿ ಮೂರಾಳು ನೀರು. ರೆಕ್ಕೆ ಮೇಲೆಯೇ ಇದ್ದರೆ ಹಿಡಿತ ಸಿಗುವುದಿಲ್ಲ, ದೋಣಿ ಕೈತಪ್ಪುತ್ತದೆ ಅನ್ನಿಸಿತು. ಭಾವಮೈದ ಹೇಳಿದ್ದೆಲ್ಲ ತಲೆಯಲ್ಲಿತ್ತು, ಆದರೆ ಕೈ ಅಪ್ಪನ ಮಾತು ಕೇಳಿತು. ತಿರುಪು ಸಡಿಲಿಸಿ ಕೊಳವೆಯನ್ನು ಪೂರ್ತಿ ಕೆಳಗಿಳಿಸಿದೆ.

ಅದು ಯಾವುದಕ್ಕೋ ಮೆತ್ತಗೆ ಹೂತುಕೊಂಡಿತು. ಮೋಟರು ಗುಂಯ್ ಎಂದಿತು, ನೀರಿನಿಂದ ಕಪ್ಪು ಕೆಸರು ಮೇಲೆದ್ದಿತು, ಸುಟ್ಟ ವಾಸನೆ ಬಂತು, ನಿಂತಿತು. ಹಿಂದಕ್ಕೆ ತಿರುಗಿಸಿದೆ, ಇಲ್ಲ. ಎತ್ತೋಣವೆಂದರೆ ಅಲ್ಲಾಡಲಿಲ್ಲ, ಎಡತೋಳು ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ನನ್ನದೇ ಮೋಟರು ನನ್ನ ದೋಣಿಯನ್ನು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಕಟ್ಟಿಹಾಕಿತ್ತು.

“ಏನಾಯ್ತು?” ಹೆಂಡತಿ ಕೂಗಿದಳು. “ಯಾರನ್ನಾದ್ರೂ ಕರೀಲಾ?”

“ಬೇಡ!” ಎಂದು ಅಷ್ಟೇ ಜೋರಾಗಿ ಕೂಗಿದೆ.

ಬಲಗೈಯಲ್ಲಿ ಹುಟ್ಟು ತೆಗೆದುಕೊಂಡು ನೀರಿಗೆ ಇಳಿಬಿಟ್ಟೆ. ಅದಕ್ಕೂ ನಾನು ಅಡಿಗೊಂದು ಗೆರೆ ಎಳೆದು ಬಣ್ಣ ಬಳಿದಿದ್ದೆ. ಒಂದು ಗೆರೆ ಮುಳುಗಿತು, ಎರಡು ಮುಳುಗಿತು, ಎರಡೂವರೆಗೆ ತಳ ಸಿಕ್ಕಿತು. ತಪ್ಪಿರಬೇಕೆಂದು ಆ ಪಕ್ಕ ಹಾಕಿ ನೋಡಿದೆ. ಎರಡೂವರೆ. ಕಂಬದ ಬುಡಕ್ಕೆ ಒತ್ತಿ ಹಾಕಿದೆ. ಅಲ್ಲಿ ಎರಡೂಕಾಲು.

ಮೂರಾಳು ನೀರನ್ನು ಹೂಳು ತಿಂದುಹಾಕಿತ್ತು. ಬಲೆಯವನಿಗೆ ಗೊತ್ತಿತ್ತು, ಊರಿಗೆ ಗೊತ್ತಿತ್ತು, ಗೊತ್ತಿಲ್ಲದವನು ನಾನೊಬ್ಬನೇ. ಈ ಕೆರೆಯನ್ನು ನಾನೇ ಎರಡು ಸಲ ಅಳೆದಿದ್ದೆ. ಏರಿಯ ಉದ್ದ ಬರೆದಿದ್ದೆ, ವಿಸ್ತೀರ್ಣವನ್ನು ಗುಂಟೆಯವರೆಗೆ ಬರೆದಿದ್ದೆ, ನಕ್ಷೆಯಲ್ಲಿ ನೀಲಿ ಬಣ್ಣ ತುಂಬಿ ಸಹಿ ಹಾಕಿದ್ದೆ. ಆಳ ಬರೆಯಲು ನಮ್ಮ ನಮೂನೆಯಲ್ಲಿ ಕಾಲಂ ಇರಲಿಲ್ಲ, ನಾನೂ ಕೇಳಲಿಲ್ಲ. ನನ್ನ ಮೇಲೇ ನನಗೆ ಎಂಥ ಸಿಟ್ಟು ಬಂತೆಂದರೆ ಹುಟ್ಟನ್ನು ಕಂಬಕ್ಕೆ ಬಡಿದು ಮುರಿಯಬೇಕೆನಿಸಿತು. ಮುರಿಯಲಿಲ್ಲ. ದೋಣಿಯ ಅಂಚಿನ ಮೇಲೆ ಕಾಲು ಹಾಕಿದೆ.

“ಅಯ್ಯೋ! ಏನ್ರೀ ಮಾಡ್ತಿದ್ದೀರ! ಕೂತ್ಕೊಳ್ರೀ!” ಅವಳ ಕೂಗಿಗೆ ಏರಿಯ ಮೇಲಿನ ಕೊಕ್ಕರೆಗಳೆಲ್ಲ ಎದ್ದವು. ಮೂವತ್ತು ವರ್ಷದಿಂದ ಆ ತೂಬಿನ ಆಳವನ್ನು ಅವಳಿಗೆ ಹೇಳಿ ಹೇಳಿ ಹೆದರಿಸಿದವನು ನಾನೇ.

ಇಳಿದೆ. ಪಾದ ಕೆಸರಿನಲ್ಲಿ ಮೊಣಕಾಲಿನ ತನಕ ಹೋಗಿ ನಿಂತಿತು. ನೀರು ಹೊಟ್ಟೆಯವರೆಗೆ ಬಂತು, ಅದಕ್ಕಿಂತ ಮೇಲೆ ಬರಲಿಲ್ಲ. ನಾನು ಅಡ್ಡಗಲ್ಲು ಹಿಡಿದುಕೊಂಡೆ. ಅಪ್ಪ ಮುಳುಗುವ ಮೊದಲು ಹಿಡಿಯುತ್ತಿದ್ದ ಕಲ್ಲು ನೀರಿನೊಳಗೆ ನನ್ನ ಸೊಂಟದ ಮಟ್ಟಕ್ಕೆ ಇತ್ತು. ಕಾಲಿನಿಂದ ತಡಕಿದೆ. ಕಂಡಿಯೂ ಇಲ್ಲ, ಗೂಟವೂ ಇಲ್ಲ, ಬರೀ ಮೆತ್ತನೆಯ ಹೂಳು.

“ಮಾವನೋರು ಮುಳುಗ್ತಿದ್ದದ್ದು ಅಲ್ಲೇನಾ?” ಈ ಸಲ ಅವಳು ಕೂಗಲಿಲ್ಲ, ಸುಮ್ಮನೆ ಕೇಳಿದಳು. ಅಷ್ಟು ಹತ್ತಿರ ಇತ್ತು ಏರಿ.

“ಇಲ್ಲೇ.”

“ಮೂರಾಳು ಅಂತಿದ್ರಿ.”

“ಇತ್ತು.”

ಬಲಗೈಯಲ್ಲಿ ಕೊಳವೆ ಹಿಡಿದು, ಬೆನ್ನು ಕೊಟ್ಟು ಎತ್ತಿ, ಮೋಟರನ್ನು ಕೆಸರಿನಿಂದ ಕಿತ್ತೆ. ದೋಣಿಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹೆಜ್ಜೆ ಕಿತ್ತು ಕಿತ್ತು ಹಾಕುತ್ತಾ ಏರಿಗೆ ಎಳೆದು ತಂದೆ. ಮೂವತ್ತು ಅಡಿಯೂ ಇರಲಿಲ್ಲ. ಅಪ್ಪನ ನೀರಿನ ಮೇಲೆ ಕೂರಬೇಕೆಂದು ಹೋದವನು ಅವನ ಹಾಗೆಯೇ ಬಟ್ಟೆಯಿಂದ ನೀರು ಸುರಿಸಿಕೊಂಡು, ಕೆಸರು ಮೆತ್ತಿಕೊಂಡು ಮೇಲೆ ಬಂದೆ. ಅವನು ಮುಳುಗಿ ಬರುತ್ತಿದ್ದ, ನಾನು ನಡೆದು ಬಂದಿದ್ದೆ.

ಹೆಂಡತಿ ಟವೆಲು ಕೊಟ್ಟಳು. ಕಂಬಗಳ ಕಡೆ ನೋಡಿದಳು. ಷರತ್ತು ಷರತ್ತೇ; ಒಬ್ಬನೇ ಹೋಗಿದ್ದೆ, ಒಬ್ಬನೇ ಬಂದಿದ್ದೆ, ಅಡ್ಡಗಲ್ಲಿನ ಮೇಲೆ ಇನ್ನೂ ನಾಲ್ಕು ಬೆರಳು ನೀರಿತ್ತು. ಅವಳೇ ಹೇಳಿದಳು.

“ದೋಣಿ ಮಾರೋದು ಬೇಡ ಬಿಡಿ. ಈ ನೀರಲ್ಲಿ ನೀವೇನೂ ಮುಳುಗಲ್ಲ.”

ಅವಳು ಸಮಾಧಾನಕ್ಕೇ ಹೇಳಿದ್ದು. ನಾನು ಟವೆಲನ್ನು ಮುಖಕ್ಕೆ ಒತ್ತಿಕೊಂಡು ಏರಿಯ ಮೇಲೆ ಕೂತು ಅತ್ತುಬಿಟ್ಟೆ.